ಬಿಳಿ ಕುಡಿ

ಮನಿ ಪ್ಲಾಂಟು ಕದ್ದು ತಂದರೇ ಹಬ್ಬುತ್ತದೆ,
ಕೇಳಿ ತಂದರೆ ಕೊಳೆಯುತ್ತದೆ ಎಂದು ನಂಬಿದವಳು
ಅಮ್ಮತ್ತಿಯ ನಬೀಸತ್ತ. ನಾನು ಕೇಳಿದಾಗ
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ,
ಕತ್ತರಿಯನ್ನು ಕಿಟಕಿಯ ಮೇಲಿಟ್ಟು
ಚಹಾಕ್ಕೆ ಸಕ್ಕರೆ ತರಲು ಒಳಗೆ ಹೋದಳು.
ಸಕ್ಕರೆ ಸಿಗಲು ಬಹಳ ಹೊತ್ತು ಹಿಡಿಯಿತು.

ಕದ್ದ ನಾಲ್ಕು ಗೆಣ್ಣು ಈಗ ಗೋಣಿಕೊಪ್ಪದಲ್ಲಿ,
ಚಪ್ಪಲಿ ಅಂಗಡಿಯ ಮೇಲಿನ ನನ್ನ ಲ್ಯಾಬಿನಲ್ಲಿ,
ಮೂರು ಸಲ ತೊಳೆದ ರೀಏಜೆಂಟಿನ ಬಾಟಲಿಯಲ್ಲಿ ಬೇರುಬಿಟ್ಟು
ಮೈಕ್ರೋಸ್ಕೋಪಿನ ಬೆನ್ನ ಹಿಂದಿಂದ ಜಾರಿ
ಕಪಾಟಿನ ಹಿಡಿಕೆಗೊಂದು ಸುತ್ತು ಹಾಕಿ
ನೆಲ ಹುಡುಕುತ್ತಿವೆ.

ಹಸಿರ ಮೇಲೆ ಬಿಳಿ, ಯಾರೋ ಸುಣ್ಣದ ಕುಂಚ ಕೊಡವಿದ ಹಾಗೆ.
ಒಂದು ಎಲೆಯಂತೆ ಇನ್ನೊಂದಿಲ್ಲ.
ರಕ್ತ ಕೊಟ್ಟು, ಹತ್ತಿ ಒತ್ತಿ ಕೂತವರು ಅದನ್ನೇ ನೋಡುತ್ತಾರೆ.
ಪ್ಲಾಸ್ಟಿಕ್ಕಾ ಎಂದು ಉಗುರಲ್ಲಿ ಗೀರಿದವರೂ ಇದ್ದಾರೆ.
ಗೀರು ಇನ್ನೂ ಇದೆ.

ಸಾಕುವುದು ಕಷ್ಟವಲ್ಲ. ವಾರಕ್ಕೊಮ್ಮೆ ನೀರು ಬದಲಿಸು,
ಒದ್ದೆ ಬಟ್ಟೆಯಲ್ಲಿ ಧೂಳು ಒರೆಸು.
ನೇರ ಬಿಸಿಲಿಗೆ ಬಿಳಿ ಸುಡುತ್ತದೆ,
ಬೆಳಕು ಸಾಲದಿದ್ದರೆ ಬಿಳಿಯನ್ನೇ ಮರೆಯುತ್ತದೆ.
ಕಕ್ಕಡದಲ್ಲಿ ಇಪ್ಪತ್ತು ದಿನ ಸೂರ್ಯನ ಸುದ್ದಿಯಿಲ್ಲದಾಗ
ಟ್ಯೂಬ್‌ಲೈಟಿನಡಿ ಸರಿಸುತ್ತೇನೆ. ಆದರೂ ಹೊಸ ಎಲೆ ಬರಿ ಹಸಿರು:
ಹೊಟ್ಟೆಗೆ ಸಾಲದಾಗ
ಯಾರು ತಾನೆ ಜರಿಯಂಚು ಉಡುತ್ತಾರೆ.

ಅದೇ ಕಕ್ಕಡ ಹದಿನೆಂಟರ ಮರುದಿನ
ಮೂತ್ರದ ಸೀಸೆಗಳೆಲ್ಲ ಕೆಂಪು.
ಹಾಸನದಿಂದ ಹೊಸದಾಗಿ ಸೇರಿದ ಹುಡುಗ ಬೆವರಿದ:
ಮೇಡಂ, ಎಲ್ಲರಿಗೂ ರಕ್ತ!
ರಕ್ತವಲ್ಲ ಮಾರಾಯ, ಮದ್ದುಸೊಪ್ಪಿನ ಪಾಯಸ.
ಕಾಡಿನ ಎಲೆಯೊಂದು ಊರವರ ಮೈಯೆಲ್ಲ ಹಾದು
ಬಣ್ಣ ಬಿಟ್ಟುಕೊಡದೆ ಹೊರಬಂದದ್ದು.

ಈ ಸಲ ಒಂದು ಕುಡಿ ಪೂರ್ತಿ ಬಿಳಿಯಾಗಿ ಒಡೆಯಿತು.
ಒಂದು ಎಲೆ, ಎರಡು, ಮೂರು. ಹಸಿರಿನ ಹನಿಯಿಲ್ಲ.
ಬಂದವರು ಫೋಟೋ ತೆಗೆದರು.
ಡಾಕ್ಟರ ಹೆಂಡತಿ ಮೊಬೈಲಿನಲ್ಲಿ ಅದರ ಬೆಲೆ ತೋರಿಸಿದರು.
ಬಿಳಿ ಎಲೆ ಅಡುಗೆ ಮಾಡುವುದಿಲ್ಲ, ನನಗೆ ಗೊತ್ತು;
ಹಿಂದಿನ ಹಸಿರೆಲೆಗಳು ದುಡಿದು ಹಾಕಬೇಕು,
ಅವೇ ಒಂದೊಂದಾಗಿ ಹಳದಿಯಾಗುತ್ತಿದ್ದವು.
ಕತ್ತರಿ ತೆಗೆದೆ. ಸ್ಪಿರಿಟ್ಟಿನಲ್ಲಿ ಒರೆಸಿದೆ. ಮತ್ತೆ ಒಳಗಿಟ್ಟೆ.
ಹೀಗೇ ಐದು ದಿನ.

ಶನಿವಾರ ತೋಟದ ಜೀಪು ಲೈನುಮನೆಯ ಹನ್ನೊಂದು ಹೆಂಗಸರನ್ನು ಇಳಿಸಿತು.
ಕೊನೆಯವಳ ಹೆಸರು ಬೊಳ್ಳಿ, ಅಂದರೆ ಬೆಳ್ಳಿ.
ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಬಾಗಿಲಿಗೆ ಒರಗಿ,
ಉಸಿರು ಬರುವ ತನಕ ನಕ್ಕಳು.
ಉಗುರಡಿ ಬಿಳಿ. ಕೆಳರೆಪ್ಪೆ ಎಳೆದರೆ ಬಿಳಿ.
ಮೆಷಿನ್ನು ಐದೂ ಎಂಟು ಅಂದಿತು.
ನಂಬದೆ ಇನ್ನೊಮ್ಮೆ ಹಾಕಿದೆ.
ಐದೂ ಎಂಟು.

ಹತ್ತಿ ಒತ್ತಿ ಹಿಡಿದು, ಗಲ್ಲ ಎತ್ತಿ ಬಿಳಿ ಕುಡಿಯ ಕಡೆ ತೋರಿಸಿ
"ಅದಕ್ಕೇನು ಕಾಯಿಲೆ ಅಕ್ಕಾ?" ಅಂದಳು.
ಇಷ್ಟು ದಿನಕ್ಕೆ ಹಾಗೆ ಕೇಳಿದವಳು ಅವಳೊಬ್ಬಳೇ.
"ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹೀಗೆ ಬಿಳಿಚಿದ್ರೆ
ಸಾವ್ಕಾರ್ರು ಅವತ್ತೇ ಮದ್ದು ಹೊಡಿಸ್ತಾರೆ."
ಜೀಪಿನ ಡ್ರೈವರು ಕೆಳಗಿಂದ ಹಾರನ್ನು ಹೊಡೆದ.
ಕಾಯಲಿ ಅಂದೆ. ಡಾಕ್ಟರಿಗೆ ಫೋನು ಮಾಡಿದೆ, ವಿರಾಜಪೇಟೆಗೆ ಚೀಟಿ ಬರೆಸಿದೆ,
ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ.
ಎರಡೂ ಸೊಟ್ಟ.

ಸಂಜೆ ಬಾಗಿಲು ಹಾಕುವ ಮೊದಲು
ಕಾಂಡದಲ್ಲಿ ಹಸಿರು ಗೆರೆ ಸಿಗುವ ತನಕ ಹಿಂದೆ ಹೋಗಿ
ಕತ್ತರಿಸಿದೆ.

ಬೊಳ್ಳಿ ಮೂರನೇ ವಾರ ಮತ್ತೆ ಬರಬೇಕು;
ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಜಾಗ ಬಿಟ್ಟಿದ್ದೇನೆ.
ಕತ್ತರಿಸಿದ ಗೆಣ್ಣಿನ ಪಕ್ಕ ಸಾಸಿವೆಯಷ್ಟು ಏನೋ ಉಬ್ಬಿದೆ.
ಲೆನ್ಸ್ ಹಿಡಿದು ನೋಡಿದೆ.
ಬಣ್ಣ ಇನ್ನೂ ತಿಳಿಯುವುದಿಲ್ಲ.